ಗೈರುಹಾಜರಿಯ ಲೆಕ್ಕ

ನಾನೂ ಒಂದು ಕಾಲದಲ್ಲಿ ಸಂಶೋಧನೆ ಮಾಡಿದವನು ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಹಣೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು ಮನೆಯೆಲ್ಲ ಹುಡುಕುವ ಮನುಷ್ಯ ಇನ್ನೇನನ್ನು ಶೋಧಿಸಿಯಾನು ಎಂಬುದು ನನ್ನ ಹೆಂಡತಿಯ ವಾದ. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಮಾತು ನಿಜ. ನೀಲಿ ಬಟ್ಟೆಯ ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ, ಒಳಗೆ ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಪುಟಗಳು, ಎಂ.ಎಡ್. ಪದವಿಗಾಗಿ ನಾನು ಬರೆದ ಪ್ರಬಂಧವೊಂದು ಒಂದು ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ ಇವತ್ತಿಗೂ ಕುಳಿತಿದೆ. ಅದಕ್ಕೆ ಒಳ್ಳೆಯ ಅಂಕಗಳೇ ಬಂದವು. ಆಮೇಲೆ ಮೂವತ್ತು ವರ್ಷ ನಾನಾಗಿ ಅದರ ಮಾತೆತ್ತಲಿಲ್ಲ.

ಮಾತೆತ್ತುವಂತೆ ಮಾಡಿದವಳು ನನ್ನ ಹೆಂಡತಿಯ ಅಣ್ಣನ ಮಗಳು. ಪಿಎಚ್.ಡಿ. ಮಾಡುತ್ತಿದ್ದಾಳೆ. ಕಳೆದ ತಿಂಗಳು ಒಂದು ಭಾನುವಾರ ಲ್ಯಾಪ್‌ಟಾಪು ಹಿಡಿದುಕೊಂಡು ಮನೆಗೆ ಬಂದಳು. ಊಟ ಮುಗಿದು, ನಾನು ಅಡಿಕೆಲೆ ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡು ಸ್ವಲ್ಪ ಉದಾರ ಮನಸ್ಸಿನಲ್ಲಿರುವ ಹೊತ್ತು ನೋಡಿ ತನ್ನ ವಿಷಯ ತೆಗೆದಳು. ಶಾಲೆಗಳ ಸುಧಾರಣೆ, ವಿದ್ಯಾರ್ಥಿಗಳ ಸಾಧನೆ, ಇವೆರಡರ ಸಂಬಂಧ. ಕ್ಷೇತ್ರ ಯಾವುದೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನನ್ನ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಅವೇ ಐದು ಊರುಗಳ ಸುತ್ತ ನಾನೂ ತಿರುಗಿದ್ದೆ.

“ಮಾಮ, ನಿಮ್ಮ ಕಾಲದಲ್ಲಿ ಪರೀಕ್ಷೆಗೆ ಬಾರದ ಮಕ್ಕಳನ್ನು ಏನು ಮಾಡುತ್ತಿದ್ದಿರಿ?” ಎಂದು ಕೇಳಿದಳು.

“ಬಿಟ್ಟುಬಿಡುತ್ತಿದ್ದೆವು” ಎಂದೆ.

ಅವಳು ನಕ್ಕಳು. ಈಗ ಹಾಗೆ ಬಿಡುವುದಿಲ್ಲವಂತೆ. ಮಗುವಿನ ವಯಸ್ಸು, ತಂದೆತಾಯಿಯರ ಕಸಬು, ಹಿಂದಿನ ಪರೀಕ್ಷೆಯ ಅಂಕ ಇವನ್ನೆಲ್ಲ ಕೊಟ್ಟರೆ, ಬಾರದೆ ಹೋದ ಮಗು ಬಂದಿದ್ದರೆ ಎಷ್ಟು ಅಂಕ ತೆಗೆಯುತ್ತಿತ್ತೆಂದು ಯಂತ್ರವೇ ಊಹಿಸಿ ತುಂಬುತ್ತದಂತೆ. ಒಮ್ಮೆಯಲ್ಲ, ಹಲವು ಸಲ ಊಹಿಸಿ ನೋಡುತ್ತದಂತೆ. ನಮ್ಮ ಕಾಲದಲ್ಲಿ ಯಾರಾದರೂ ಗೈರುಹಾಜರಾದ ಮಗುವಿಗೆ ಅಂಕ ತುಂಬಿದ್ದರೆ ಅವನನ್ನು ಅಮಾನತಿನಲ್ಲಿ ಇಡುತ್ತಿದ್ದರು. ಈಗ ಅದು ಶಾಸ್ತ್ರವಾಗಿದೆ. ಹಾಸ್ಯ ಮಾಡುತ್ತಿಲ್ಲ, ಅವಳು ಬಿಡಿಸಿ ಹೇಳಿದ ಮೇಲೆ, ನಾನು ಮಾಡಿದ್ದಕ್ಕಿಂತ ಅದು ಎಷ್ಟೋ ಪಾಲು ಪ್ರಾಮಾಣಿಕವೆಂದೇ ನನಗೆ ತೋರಿತು.

ನಾನು ಮಾಡಿದ್ದು ಏನೆಂಬುದನ್ನು ಹೇಳಬೇಕು.

1994ರ ಮಾತು. ಈಗ ಆ ಐದೂ ಕಡೆ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿದೆ. ಆಗ ಐದೂ ಬಳ್ಳಾರಿಯದು. ಕೊಟ್ಟೂರು ಇನ್ನೂ ತಾಲ್ಲೂಕಾಗಿರಲಿಲ್ಲ, ಕೂಡ್ಲಿಗಿಗೆ ಸೇರಿತ್ತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಕೆಲವು ವರ್ಷ ಇದ್ದು, ಮತ್ತೆ ಬಳ್ಳಾರಿಗೆ ಬಂದು, ಅಲ್ಲಿಂದ ವಿಜಯನಗರಕ್ಕೆ ಸೇರಿತು. ಊರು ಮಾತ್ರ ಇದ್ದಲ್ಲೇ ಇದೆ. ಬೀಚಿಯವರು ಹುಟ್ಟಿದ ಊರು ಅದು. ಈ ವರ್ಗಾವರ್ಗಿಯನ್ನು ನೋಡಲು ಅವರು ಇರಬೇಕಾಗಿತ್ತು.

ಆಗ ನಮ್ಮ ಪಾಠಪಟ್ಟಿಯಲ್ಲಿ ಅಮೆರಿಕದ ಜೇಮ್ಸ್ ಕೋಲ್ಮನ್ನರ ಹೆಸರು ಬರುತ್ತಿತ್ತು. ಅವರು ಆರು ಲಕ್ಷಕ್ಕೂ ಮೇಲ್ಪಟ್ಟ ಮಕ್ಕಳನ್ನು ಪರೀಕ್ಷೆಗೆ ಕೂರಿಸಿ, ಕಲಿಕೆಯಲ್ಲಿ ಶಾಲೆಯ ಸೌಕರ್ಯಕ್ಕಿಂತ ಮನೆಯ ಸ್ಥಿತಿಗತಿಯ ಪಾಲೇ ಹೆಚ್ಚೆಂದು 1966ರಲ್ಲಿ ವರದಿ ಮಾಡಿದ್ದರು. ಉಪಾಧ್ಯಾಯರಿಗೆ ಇದಕ್ಕಿಂತ ಸುಖವಾದ ಸಿದ್ಧಾಂತ ಬೇಕೆ? ಆದರೆ ಆ ಸುಖ ಬಹಳ ಕಾಲ ಉಳಿಯಲಿಲ್ಲ. ಲಂಡನ್ನಿನಲ್ಲಿ ಮೈಕೆಲ್ ರಟರ್ ಮತ್ತು ಅವರ ಸಂಗಡಿಗರು 12 ಪ್ರೌಢಶಾಲೆಗಳನ್ನು ವರ್ಷಗಟ್ಟಲೆ ನೋಡಿ, ಒಂದೇ ಬಗೆಯ ಮನೆಗಳ ಮಕ್ಕಳು ಬಂದರೂ ಶಾಲೆ ನಡೆಯುವ ರೀತಿಯಿಂದ ಫಲ ಬೇರೆ ಬೇರೆ ಆಗುತ್ತದೆಂದು 1979ರಲ್ಲಿ ಬರೆದರು. ಪುಸ್ತಕದ ಹೆಸರು ‘ಹದಿನೈದು ಸಾವಿರ ಗಂಟೆಗಳು’. ಅಲ್ಲಿಯ ಮಗು ಐದನೆಯ ವಯಸ್ಸಿನಿಂದ ಶಾಲೆ ಬಿಡುವವರೆಗೆ ಅಲ್ಲಿ ಕಳೆಯುವ ಕಾಲ ಅಷ್ಟು. 1983ರಲ್ಲಿ ಹೇನ್‌ಮನ್ ಮತ್ತು ಲಾಕ್ಸ್‌ಲಿ ಎಂಬಿಬ್ಬರು 29 ದೇಶಗಳ ಅಂಕಗಳನ್ನು ಹಿಡಿದು, ದೇಶ ಬಡವಾದಷ್ಟೂ ಶಾಲೆಯ ಮತ್ತು ಉಪಾಧ್ಯಾಯರ ಗುಣದ ಪಾಲು ಹೆಚ್ಚೆಂದು ತೋರಿಸಿದ್ದರು. ನನ್ನ ಮಾರ್ಗದರ್ಶಕರಿಗೆ ಈ ಕೊನೆಯದು ಬಹಳ ಹಿಡಿಸಿತ್ತು. “ನಿಮ್ಮದು ಹಿಂದುಳಿದ ಸೀಮೆ. ಪಾಠದ ಕ್ರಮವನ್ನು ಸ್ವಲ್ಪ ತಿದ್ದಿದರೂ ಫಲ ಕಣ್ಣಿಗೆ ಕಾಣಲೇಬೇಕು. ಹೋಗಿ ತೋರಿಸಿ” ಎಂದರು. ನಾನು ತೋರಿಸಲು ಹೊರಟೆ. ನೋಡಲು ಹೋಗುವುದಕ್ಕೂ ತೋರಿಸಲು ಹೋಗುವುದಕ್ಕೂ ಇರುವ ಅಂತರ ಆಗ ತಿಳಿಯಲಿಲ್ಲ.

ಒಂದೊಂದು ಊರಿನ ಆಸುಪಾಸಿನಲ್ಲಿ ಎರಡೆರಡರಂತೆ ಹತ್ತು ಹಳ್ಳಿಶಾಲೆಗಳನ್ನು ಆರಿಸಿಕೊಂಡೆ. ಐದರಲ್ಲಿ ಎಂದಿನ ಪಾಠ. ಉಳಿದ ಐದರಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ಓದಲು ನಾನು ಮಾಡಿಸಿದ ಕಾರ್ಡುಗಳು. ಡ್ರಾಯಿಂಗ್ ಮೇಷ್ಟ್ರೊಬ್ಬರನ್ನು ಕಾಡಿ ಬೇಡಿ, ದಪ್ಪ ಹಾಳೆ ಕತ್ತರಿಸಿ, ಒಂದು ಬದಿಗೆ ಚಿತ್ರ, ಕೆಳಗೆ ಆರೇಳು ಸಾಲಿನ ಕತೆ ಬರೆಸಿದ್ದೆ. ಒಂದು ಕಟ್ಟಿಗೆ 40 ಕಾರ್ಡು, ಅಂಥ ಐದು ಕಟ್ಟು. ಜೂನ್ ಕೊನೆಗೆ ಎಲ್ಲರಿಗೂ ಒಂದು ಓದುವ ಪರೀಕ್ಷೆ. ಮಾರ್ಚಿಯಲ್ಲಿ ಮತ್ತೆ ಅಂಥದೇ ಇನ್ನೊಂದು. ನಡುವೆ ಎರಡು ವಾರಕ್ಕೊಮ್ಮೆ ನನ್ನ ಪ್ರದಕ್ಷಿಣೆ.

ಆ ಪ್ರದಕ್ಷಿಣೆ ಬಹಳ ಸೊಗಸಾಗಿತ್ತು. ಕೂಡ್ಲಿಗಿಯಲ್ಲಿ ಬಸ್ಸು ತಪ್ಪಿದರೆ ಗಾಂಧೀಜಿಯವರ ಚಿತಾಭಸ್ಮವಿರುವ ಸ್ಮಾರಕದ ಬಳಿ ಹೋಗಿ ಕುಳಿತುಕೊಳ್ಳುವುದು. ಕೊಟ್ಟೂರಿನಲ್ಲಿ ಇಳಿದರೆ ಮೊದಲು ಮಂಡಕ್ಕಿ ಮಿರ್ಚಿ, ಆಮೇಲೆ ಕೊಟ್ಟೂರೇಶ್ವರ. ಹಡಗಲಿಯಲ್ಲಿ ಬೇಸಗೆಯ ಬಸ್ಸು ಹತ್ತಿದರೆ ಮಲ್ಲಿಗೆಯ ಬುಟ್ಟಿಗಳ ನಡುವೆ ನಿಂತು, ಮದುವೆಗೆ ಹೊರಟ ಬೀಗನಂತೆ ಘಮಘಮಿಸುತ್ತ ಶಾಲೆಗೆ ಇಳಿಯುವುದು. ಸಂಶೋಧನೆಯೆಂದರೆ ಇಷ್ಟು ಸುಲಭವಾದ ಸಂಗತಿಯೇ ಎಂದು ನನಗೆ ನಾನೇ ಬೆರಗಾಗಿದ್ದೆ.

ದೀಪಾವಳಿ ಬಂತು. ಹರಪನಹಳ್ಳಿ ಕಡೆಯ ನನ್ನ ಕಾರ್ಡಿನ ಶಾಲೆಯ ಪಕ್ಕದಲ್ಲೇ ಒಂದು ಲಂಬಾಣಿ ತಾಂಡಾ ಇತ್ತು. ಅಮಾವಾಸ್ಯೆಯ ರಾತ್ರಿ ಅಲ್ಲಿಯ ಹೆಣ್ಣುಮಕ್ಕಳು ಕೈಯಲ್ಲಿ ದೀಪ ಹಿಡಿದು ‘ಮೇರಾ’ ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಹಬ್ಬ ಮುಗಿದ ಮೇಲೆ ನಾನು ಹೋದಾಗ ತಾಂಡಾದ ಅರ್ಧಕ್ಕರ್ಧ ಬಾಗಿಲಿಗೆ ಬೀಗ. ಮೇಸ್ತ್ರಿ ಮಳೆಗಾಲದಲ್ಲೇ ಮುಂಗಡ ಕೊಟ್ಟು ಹೋಗಿದ್ದ; ಲಾರಿ ಬಂತು, ಜನ ಹತ್ತಿದರು. ಕೆಲವರು ಮಂಡ್ಯದ ಕಬ್ಬಿಗೆ, ಕೆಲವರು ಚಿಕ್ಕಮಗಳೂರಿನ ಕಾಫಿಗೆ. ಗಂಡಹೆಂಡಿರು ಕಬ್ಬು ಕಡಿಯುವಾಗ ಕೈಗೂಸನ್ನು ನೋಡಿಕೊಳ್ಳುವವರು ಬೇಕಲ್ಲ, ಆ ಕೆಲಸಕ್ಕೆ ನನ್ನ ನಾಲ್ಕನೆಯ ತರಗತಿ. “ಇನ್ನೇನಿದ್ರೂ ಯುಗಾದಿಗೇ ನೋಡ್ರಿ ಸಾರ್ ಇವ್ರು ಬರೋದು” ಎಂದರು ಮುಖ್ಯೋಪಾಧ್ಯಾಯರು, ಮುಂಗಾರು ಇಷ್ಟು ದಿನಕ್ಕೆ ಬರುತ್ತದೆ ಎನ್ನುವ ಧಾಟಿಯಲ್ಲಿ. ಹಾಜರಿ ಪುಸ್ತಕದಲ್ಲಿ ಮಾತ್ರ ಯಾರ ಹೆಸರನ್ನೂ ಹೊಡೆದಿರಲಿಲ್ಲ. ಹೆಸರು ಹೊಡೆದರೆ ಮಕ್ಕಳ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿದರೆ ಮೇಷ್ಟ್ರ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಉಳಿದ ಮಕ್ಕಳಿಗೂ ಪಾಠವಿಲ್ಲ. ಅವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ.

ಮಾರ್ಚಿಯ ಪರೀಕ್ಷೆಗೆ ಆ ತರಗತಿಯಲ್ಲಿ ಮೂರರಲ್ಲೊಂದು ಪಾಲು ಮಕ್ಕಳು ಇರಲಿಲ್ಲ. ಹಡಗಲಿ ಕಡೆಯ ಕಾರ್ಡಿನ ಶಾಲೆಯದೂ ಹೆಚ್ಚುಕಡಮೆ ಅದೇ ಕತೆ. ಅದೂ ತಾಂಡಾದ ಮಗ್ಗುಲಿನದೇ. ಎಂದಿನ ಪಾಠ ನಡೆದ ಐದು ಶಾಲೆಗಳಲ್ಲಿ ಹೀಗೆ ಹೊರಟುಹೋದವರು ಕಡಮೆ. ನಾನು ಲೆಕ್ಕ ಹಾಕಿದೆ. ಕಾರ್ಡಿನಿಂದ ಓದಿದ ಮಕ್ಕಳ ಸರಾಸರಿ ಮೇಲೇರಿತ್ತು. ‘ಟಿ’ ಮೌಲ್ಯ ಮಹತ್ವದ ಗೆರೆಯನ್ನು ದಾಟಿತ್ತು. ಮಾರ್ಗದರ್ಶಕರು ಬೆನ್ನು ತಟ್ಟಿದರು.

ಹಿಂಡಿನಿಂದ ಬಡಕಲು ಕುರಿಗಳನ್ನು ಬೇರೆ ಮಾಡಿ ಉಳಿದವನ್ನು ತೂಗಿದರೆ, ಒಂದು ಹಿಡಿ ಹುಲ್ಲು ಹಾಕದೆಯೇ ಹಿಂಡಿನ ಸರಾಸರಿ ತೂಕ ಏರುತ್ತದೆ. ಕೂಡ್ಲಿಗಿ ಸೀಮೆಯ ಯಾವ ಕುರಿಗಾಹಿಗೂ ಇದು ಗೊತ್ತು. ಎಂ.ಎಡ್. ಓದುತ್ತಿದ್ದ ನನಗೆ ಗೊತ್ತಿರಲಿಲ್ಲ. ಅಲ್ಲ, ಗೊತ್ತಿತ್ತು. ಜೂನ್ ಪರೀಕ್ಷೆಯಲ್ಲಿ ಅತಿ ಕಡಮೆ ಅಂಕ ಪಡೆದಿದ್ದವರಲ್ಲಿ ತಾಂಡಾದ ಮಕ್ಕಳೇ ಬಹಳ. ಅವರು ಮನೆಯಲ್ಲಿ ಆಡುವುದು ಲಂಬಾಣಿ ಮಾತು; ಕನ್ನಡ ಅವರಿಗೆ ಶಾಲೆಯಲ್ಲಿ ಸಿಗುವ ಭಾಷೆ. ಅವರು ಹೋದದ್ದರಿಂದ ಏರಿದ್ದೆಷ್ಟು, ನನ್ನ ಕಾರ್ಡಿನಿಂದ ಏರಿದ್ದೆಷ್ಟು ಎಂದು ಬಿಡಿಸಿ ನೋಡಬಹುದಾಗಿತ್ತು. ಒಂದು ರಾತ್ರಿಯ ಕೆಲಸ. ನಾನು ಆ ರಾತ್ರಿ ನಿದ್ದೆ ಮಾಡಿದೆ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಒಂದು ವಾಕ್ಯ ಸೇರಿಸಿದೆ: ಎರಡೂ ಪರೀಕ್ಷೆಗಳಿಗೆ ಹಾಜರಾದ ವಿದ್ಯಾರ್ಥಿಗಳನ್ನು ಮಾತ್ರ ಅಧ್ಯಯನಕ್ಕೆ ಪರಿಗಣಿಸಲಾಗಿದೆ. ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗವೆಂಬುದನ್ನು ಯಾರು ಕಂಡುಹಿಡಿದರೋ, ಅವರಿಗೆ ಸಂಶೋಧಕರು ಋಣಿಗಳಾಗಿರಬೇಕು. ‘ಪರಿಗಣಿಸಲಾಗಿದೆ’ ಎಂದ ಮೇಲೆ, ಪರಿಗಣಿಸದೆ ಬಿಟ್ಟವನು ಯಾರೆಂದು ಕೇಳುವವರಿಲ್ಲ.

ನನ್ನಂಥವರು ಎಲ್ಲ ಕಡೆಯಲ್ಲೂ ಇದ್ದರೆಂಬುದು ಆಮೇಲೆ ಓದಿ ತಿಳಿಯಿತು, ಅದರಿಂದ ಸಮಾಧಾನವಾಗಲಿಲ್ಲ. 2003ರಲ್ಲಿ ಸಂಶೋಧಕರು ಮುನ್ಸೂಚನೆ ಕೊಡದೆ ದೇಶದ ಸಾವಿರಾರು ಹಳ್ಳಿಗಳ ಶಾಲೆಗಳಿಗೆ ಹೋಗಿ, ಸರ್ಕಾರಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಲ್ಲಿ ನಾಲ್ವರಲ್ಲೊಬ್ಬರು ಶಾಲೆಯಲ್ಲಿರಲಿಲ್ಲವೆಂದು ಬರೆದಾಗ ದೊಡ್ಡ ಗದ್ದಲವಾಯಿತು. ಆಗಬೇಕಾದ್ದೇ. ಮಗುವಿನ ಗೈರುಹಾಜರಿ ಮಾತ್ರ ಅಷ್ಟು ಸದ್ದು ಮಾಡುವುದಿಲ್ಲ. 2002ರಲ್ಲಿ ನಂಜುಂಡಪ್ಪನವರ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಪಟ್ಟಿ ಮಾಡಿತು; ಕೂಡ್ಲಿಗಿಯೂ ಹರಪನಹಳ್ಳಿಯೂ ಅದರಲ್ಲಿ ಅತ್ಯಂತ ಹಿಂದುಳಿದವುಗಳ ಸಾಲಿಗೆ ಬಂದುವು. ಶಾಲೆಯ ಹೊರಗಿರುವ ಮಕ್ಕಳ ಪ್ರಮಾಣವೂ ಸಮಿತಿಯ ಅಳತೆಗೋಲುಗಳಲ್ಲಿ ಒಂದು. ಆದರೆ ನಾನು ಹೇಳುವ ಮಕ್ಕಳು ಆ ಕೋಲಿಗೂ ಸಿಗುವವರಲ್ಲ. ಹಾಜರಿ ಪುಸ್ತಕದ ಪ್ರಕಾರ ಅವರು ಶಾಲೆಯ ಒಳಗಿದ್ದಾರೆ, ಮಂಡ್ಯದ ಗದ್ದೆಯ ಬದುವಿನ ಮೇಲೆ ಕುಳಿತಿದ್ದಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕೆಂದು ವಿಧಿಸಿತು. ಶಾಲೆಯ ಬಾಗಿಲು ತೆರೆದಿರುವ ಲೆಕ್ಕ ಅದು. ಬಾಗಿಲ ಒಳಗೆ ಒಂದು ಮಗು ಎಷ್ಟು ದಿನ ಕುಳಿತಿತ್ತೆಂಬುದು ಬೇರೆ ಲೆಕ್ಕ. ರಟರ್ ಸಾಹೇಬರ ಹದಿನೈದು ಸಾವಿರ ಗಂಟೆ ಈ ತಾಂಡಾದಲ್ಲಿ ಎಷ್ಟಕ್ಕೆ ಇಳಿಯುತ್ತದೆಂದು ಯಾರಾದರೂ ಕೂಡಿಸಿ ನೋಡಬೇಕು.

ಈ ತಪ್ಪನ್ನು ಕಂಡುಕೊಂಡವರೂ ಇದ್ದಾರೆ. 2005ರಿಂದ ನಡೆದುಬಂದಿರುವ ‘ಅಸರ್’ ಸಮೀಕ್ಷೆಯವರು ಮಕ್ಕಳನ್ನು ಹುಡುಕಿಕೊಂಡು ಶಾಲೆಗೆ ಹೋಗುವುದಿಲ್ಲ, ಮನೆಗೆ ಹೋಗುತ್ತಾರೆ. ಶಾಲೆಗೆ ಬಾರದವನೂ, ಶಾಲೆಗೇ ಸೇರದವನೂ ಮನೆಯಲ್ಲಿ ಸಿಕ್ಕಾನೆಂಬುದು ಅದರ ಮರ್ಮ. ಎರಡನೆಯ ತರಗತಿಯ ಮಟ್ಟದ ಒಂದು ಪುಟ್ಟ ಕತೆ ಕೊಟ್ಟು ಅಂಗಳದಲ್ಲೇ ಓದಿಸುತ್ತಾರೆ. ಮನೆಗೇ ಬೀಗ ಬಿದ್ದಿದ್ದರೆ ಅವರೂ ಏನು ಮಾಡಿಯಾರು? ದಿಲ್ಲಿಯ ದೊಡ್ಡ ಪರೀಕ್ಷೆಗಳು ನಡೆಯುವುದಂತೂ ಶಾಲೆಯಲ್ಲೇ, ಆ ದಿನ ಬಂದ ಮಕ್ಕಳಿಗೇ. ರಾಷ್ಟ್ರೀಯ ಸಾಧನಾ ಸಮೀಕ್ಷೆ 2017ರಲ್ಲಿ ನಡೆದದ್ದು ನವೆಂಬರ್ 13ರಂದು, 2021ರಲ್ಲಿ ನವೆಂಬರ್ 12ರಂದು. ಅದರ ಮುಂದಿನದಾದ ‘ಪರಖ್’ 2024ರ ಡಿಸೆಂಬರ್ 4ರಂದು. ಬೇಕೆಂದು ಯಾರೂ ಆ ದಿನಗಳನ್ನು ಹುಡುಕಿ ಇಟ್ಟಿರಲಾರರು. ದಿಲ್ಲಿಯ ಪಂಚಾಂಗದಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಜಾಗವಿಲ್ಲ, ಅಷ್ಟೇ.

ನನ್ನನ್ನು ಹೆಚ್ಚಾಗಿ ಚುಚ್ಚುವುದು ಇನ್ನೊಂದು ಸಂಗತಿ. ನಾನು ಪ್ರಬಂಧ ಒಪ್ಪಿಸಿದ 1995ರಲ್ಲೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ‘ನಲಿ ಕಲಿ’ ಮೊಳೆಯಿತು. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಹಳ್ಳಿಯ ಉಪಾಧ್ಯಾಯರು ಕೂಡಿ ಕಟ್ಟಿದ್ದು. ಅಲ್ಲಿಯೂ ಕಾರ್ಡುಗಳೇ, ನನ್ನವುಗಳಿಗಿಂತ ಎಷ್ಟೋ ಚೆನ್ನಾದ ಕಾರ್ಡುಗಳು. ಆದರೆ ಅವರು ಕಾರ್ಡುಗಳನ್ನು ಒಂದು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರು. ನಾಲ್ಕು ತಿಂಗಳು ಬಿಟ್ಟು ಬಂದ ಮಗು ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ತರಗತಿಯವರು ಎಲ್ಲಿದ್ದಾರೆಂದು ನೋಡಬೇಕಾಗಿಲ್ಲ. 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಬಂದ ಮೇಲೆ ಎಷ್ಟು ಸೊರಗಿತೆಂಬುದು ಬೇರೆ ಮಾತು. ಗೈರುಹಾಜರಾಗುವ ಮಗುವನ್ನು ಮುಂದಿಟ್ಟುಕೊಂಡು ಪಾಠವನ್ನೇ ಮುರಿದು ಕಟ್ಟಬಹುದೆಂದು ಅವರಿಗೆ ಹೊಳೆಯಿತು. ಕಾರ್ಡುಗಳು ನನ್ನ ಕೈಯಲ್ಲೂ ಇದ್ದುವು. ತಾಂಡಾದ ಬೀಗ ನನ್ನ ಕಣ್ಣಿಗೂ ಬಿದ್ದಿತ್ತು. ಆಮೇಲೆ ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಇಂಥ ಮಕ್ಕಳನ್ನು ಊರಿನಲ್ಲೇ ಇರಿಸಿಕೊಳ್ಳುವ ಋತುಮಾನ ವಸತಿನಿಲಯಗಳೂ, ಕೆಲಸದ ಜಾಗದ ಬಳಿಯೇ ಟೆಂಟು ಶಾಲೆಗಳೂ ಬಂದುವು.

ಇಷ್ಟನ್ನೂ ಆ ಹುಡುಗಿಗೆ ಹೇಳಿದೆ. ಅವಳು ಪಟಪಟನೆ ಬರೆದುಕೊಂಡಳು. ಒಂದನ್ನು ಮಾತ್ರ ಹೇಳಲು ತಡವಾಯಿತು. ಎರಡನೆಯ ಸಲ ಕಾಫಿ ಬಂದು, ಅದೂ ಆರಿದ ಮೇಲೆ ಹೇಳಿದೆ.

ಮಾರ್ಚಿಯ ಪರೀಕ್ಷೆ ಮುಗಿದು ಹತ್ತು ದಿನಕ್ಕೆ ಕಾರ್ಡುಗಳನ್ನು ಹಿಂದಕ್ಕೆ ತರಲು ಮತ್ತೆ ಐದೂ ಕಡೆ ಹೋಗಿದ್ದೆ. ಪ್ರಬಂಧದ ಕೊನೆಗೆ ಅನುಬಂಧವಾಗಿ ಒಂದು ಪೂರ್ಣ ಕಟ್ಟು ಲಗತ್ತಿಸಬೇಕಾಗಿತ್ತು. ಮಕ್ಕಳ ಕೈಯಲ್ಲಿ ಎಂಟು ತಿಂಗಳು ಇದ್ದ ಕಾರ್ಡುಗಳು ಪೂರ್ತಿ ಉಳಿದಾವೆ? ನಾಲ್ಕು ಕಟ್ಟುಗಳನ್ನು ಸುರಿದು ಜೋಡಿಸಿದರೆ 39 ಆದುವು. 23ನೆಯದು ಎಲ್ಲಿಯೂ ಇಲ್ಲ. ಒಂದು ಆಡು ಸಂತೆಗೆ ಹೋಗುವ ಕತೆ ಅದು. ಆಡಿನ ಚಿತ್ರವನ್ನು ಡ್ರಾಯಿಂಗ್ ಮೇಷ್ಟ್ರು ಮನಸ್ಸಿಟ್ಟು ಬರೆದಿದ್ದರು. ಅದಕ್ಕೇ ಏನೋ, ನಾಲ್ಕು ಕಡೆಯಲ್ಲೂ ಮಕ್ಕಳು ಅದನ್ನೇ ಹೊತ್ತಿದ್ದರು. ಕೊನೆಗೆ ಉಳಿದದ್ದು ಹರಪನಹಳ್ಳಿ ಕಡೆಯ ಆ ಶಾಲೆ. ಅಲ್ಲಿಯೂ ಇರಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟವನು ಬಾಗಿಲಲ್ಲಿ ಒಬ್ಬ ಹುಡುಗಿಯನ್ನು ಕಂಡೆ. ಹಾಜರಿ ಪುಸ್ತಕದಲ್ಲಿ ಹದಿನೇಳನೆಯ ಹೆಸರು. ಸೊಂಟದ ಮೇಲೆ ತಮ್ಮ. ಹಿಂದಿನ ರಾತ್ರಿಯೇ ಲಾರಿ ಇಳಿದಿದ್ದರಂತೆ.

“ಸಾರ್, ನಮ್ಮ ಪರೀಕ್ಷೆ ಯಾವಾಗ್ರಿ?”

“ಮುಗೀತಲ್ಲಮ್ಮ” ಎಂದೆ.

ಅವಳು ಏನೂ ಹೇಳಲಿಲ್ಲ. ಕೂಸನ್ನು ಇಳಿಸಿ, ಚೀಲದಿಂದ ಒಂದು ಕಾರ್ಡು ತೆಗೆದು ನನ್ನ ಮುಂದೆ ಹಿಡಿದು, ನಾನು ಕೇಳುವ ಮೊದಲೇ ಓದತೊಡಗಿದಳು. ಆಡು ಸಂತೆಗೆ ಹೋಯಿತು, ಹಗ್ಗ ಕಡಿಯಿತು, ಸೊಪ್ಪಿನ ರಾಶಿಗೆ ಬಾಯಿ ಹಾಕಿತು, ಎಲ್ಲ ಸರಾಗವಾಗಿ. ಬಾಯಿಪಾಠವಿರಬೇಕೆಂದು ನನಗೆ ಸಂಶಯ. ಕತೆಯಲ್ಲಿಲ್ಲದ ಒಂದು ಪದವನ್ನು ನನ್ನ ಪುಸ್ತಕದಲ್ಲಿ ಬರೆದು ತೋರಿಸಿದೆ: ಕಬ್ಬು. ಜೂನ್ ತಿಂಗಳಲ್ಲಿ ಅವಳಿಗೆ ಒತ್ತಕ್ಷರ ಒಂದೂ ಬಂದಿರಲಿಲ್ಲ; ಅದು ನನ್ನ ಪಟ್ಟಿಯಲ್ಲಿ ಗುರುತಾಗಿತ್ತು. ತುಟಿ ಅಲ್ಲಾಡಿಸಿ, ಒಮ್ಮೆ ನಿಂತು, ಓದಿದಳು. ಓದಿ ನಕ್ಕಳು. ಯಾರು ಹೇಳಿಕೊಟ್ಟರೆಂದು ಕೇಳಿದೆ.

“ಯಾರೂ ಇಲ್ರೀ. ಗುಡಿಸ್ಲ ಹತ್ರ ಸಣ್ಣ ಹುಡುಗ್ರಿಗೆ ನಾನೇ ಮೇಷ್ಟ್ರಾಗಿದ್ದೆ ಸಾರ್.”

ಒಂದು ಪದದಿಂದ ಏನನ್ನೂ ಸಾಧಿಸಲಾಗದು, ಒಂದು ಮಗುವಿನಿಂದಂತೂ ಏನನ್ನೂ ಹೇಳಬಾರದು ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಸರಿಯೇ. ಹದಿನೇಳನೆಯವಳನ್ನು ಸೇರಿಸಿದ್ದರೆ ನನ್ನ ಫಲಿತಾಂಶ ಮೇಲೇರುತ್ತಿತ್ತೋ ಕೆಳಗಿಳಿಯುತ್ತಿತ್ತೋ ನಾನು ಹೇಳಲಾರೆ. ಜಗಲಿಯ ಮೇಲೆ ಕೂರಿಸಿ ಪೂರ್ತಿ ಪರೀಕ್ಷೆ ಮಾಡಿ ನೋಡಬಹುದಿತ್ತು. ಪ್ರಶ್ನೆಪತ್ರಿಕೆ ಚೀಲದಲ್ಲೇ ಇತ್ತು, ಅರ್ಧ ಗಂಟೆ ಸಾಕಿತ್ತು. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಅದಲ್ಲ. ಇದ್ದದ್ದು ಒಂದೇ: ಇಪ್ಪತ್ತಮೂರು ಸಿಕ್ಕಿತು!

ಕೊಡಮ್ಮ ಎಂದು ಕೈ ಚಾಚಿದೆ. ಕೊಟ್ಟಳು. ಮೂಲೆಗಳು ಸವೆದು ದುಂಡಗಾಗಿದ್ದುವು, ಆಡಿನ ಮೈಮೇಲೆ ಎಣ್ಣೆಯ ಕಲೆ. ಬರಿಗೈಯಲ್ಲಿ ಕಳುಹಿಸಲು ಮನಸ್ಸಾಗದೆ ಜೇಬಿನಲ್ಲಿದ್ದ ಪೆನ್ನು ಕೊಟ್ಟೆ. ಅದರ ರೀಫಿಲ್ಲಿನಲ್ಲಿ ಶಾಯಿ ಎಷ್ಟಿತ್ತೋ ನೋಡಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ನನ್ನ ಸೊಸೆಯಂಥ ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಲ್ಯಾಪ್‌ಟಾಪು ಮುಚ್ಚಿ, “ಮಾಮ, ನಿಮ್ಮ ಪ್ರಬಂಧದ ಹೆಸರು, ಇಸವಿ ಸರಿಯಾಗಿ ಹೇಳಿ. ನಾನು ಪುಸ್ತಕಭಂಡಾರಕ್ಕೆ ಹೋಗಿ ನೋಡಬೇಕು” ಎಂದಳು. ಹೇಳಿದೆ. ಅಧ್ಯಾಯಗಳನ್ನೆಲ್ಲ ಓದುವ ಕಷ್ಟ ತೆಗೆದುಕೊಳ್ಳಬೇಡ, ಕೊನೆಯಲ್ಲಿ ಒಂದು ಕಂದು ಲಕೋಟೆ ಅಂಟಿಸಿದೆ, ಅದರೊಳಗೆ ಇಪ್ಪತ್ತಮೂರನೆಯದನ್ನು ತೆಗೆದು ನೋಡು ಎಂದೆ.